ಕೋತಂಬರಿಯ ನೆಪದ ಆಸ್ಪತ್ರೆ

ಆ ವರ್ಷ ನಮ್ಮ ಮನೆಯಲ್ಲಿ ಕೋತಂಬರಿಗೆ ಬರವಿರಲಿಲ್ಲ. ಫ್ರಿಜ್ಜಿನ ಕೆಳಗಿನ ಖಾನೆ ಎಳೆದರೆ ಕೋತಂಬರಿ, ನೀರು ಹಾಕಿದ ಗ್ಲಾಸಿನಲ್ಲಿ ಕೋತಂಬರಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮರೆತುಹೋದ ಕೋತಂಬರಿ. ಮನೆಯಲ್ಲಿ ಇರುವವರು ನಾವಿಬ್ಬರೇ. ಅದರಲ್ಲಿ ನನ್ನ ಗಂಡನಿಗೆ ಕೋತಂಬರಿ ಕಂಡರೆ ಆಗುವುದಿಲ್ಲ. ಸಾರಿನಲ್ಲಿ ತೇಲುವ ಎಲೆಗಳನ್ನು ಒಂದೊಂದಾಗಿ ಆರಿಸಿ ತಾಟಿನ ಅಂಚಿಗೆ ಹಚ್ಚುತ್ತ ಅವರು ಒಂದು ದಿನ ಕೇಳಿದರು:

"ಮುಂದಿನ ಸಲ ಲಿಂಬಿಹಣ್ಣು ತಂದ್ರ ನಡ್ಯಾಂಗಿಲ್ಲೇನು?"

"ಲಿಂಬಿಹಣ್ಣು ಚೀಲದಾಗ ತಳಕ್ಕ ಹೋಗ್ತಾವ. ಮ್ಯಾಲೆ ಕಾಣಬೇಕಲ್ರೀ," ಎಂದೆ.

ಮೇಲೆ ಕಾಣಬೇಕಾದದ್ದು ಕೋತಂಬರಿ, ಕಾಣಬಾರದ್ದು ಅದರ ಕೆಳಗಿರುವ ಆಸ್ಪತ್ರೆಯ ಫೈಲು ಎಂಬುದು ಅವರಿಗೂ ಗೊತ್ತಿತ್ತು.

ನಾವಿರುವುದು ಪುಣೆಯ ಸದಾಶಿವ ಪೇಠದಲ್ಲಿ, ಹಳೆಯ ವಾಡೆಯೊಂದನ್ನು ಕೆಡವಿ ಕಟ್ಟಿದ ಮೂರು ಅಂತಸ್ತಿನ ಕಟ್ಟಡದಲ್ಲಿ. ಅಲ್ಲಿಂದ ಆಸ್ಪತ್ರೆಗೆ ನಡೆದೇ ಹೋಗಬಹುದು. ಕ್ಯಾನ್ಸರಿಗೆಂದೇ ಇರುವ ಆಸ್ಪತ್ರೆ ಅದು; ಬೇರೆ ಯಾವ ರೋಗಕ್ಕೂ ಅಲ್ಲಿ ಔಷಧ ಸಿಗುವುದಿಲ್ಲ. ಹೀಗಾಗಿ ಅದರ ಬಾಗಿಲಲ್ಲಿ ಸಿಕ್ಕಿಬಿದ್ದರೆ ಹಲ್ಲುನೋವು, ಮೊಣಕಾಲುನೋವು ಎಂದು ಜಾರಿಕೊಳ್ಳಲು ಬರುವುದಿಲ್ಲ. ಆದರೆ ಅದು ನಿಂತ ಜಾಗ ಎಂಥದ್ದೆಂದರೆ, ಎಡಕ್ಕೆ ಪಾತ್ರೆ ಅಂಗಡಿ, ಬಲಕ್ಕೆ ಬ್ಲೌಸ್ ಪೀಸಿನವನು, ಎದುರಿಗೆ ಸರ್ಕಾರಿ ನೌಕರಿಯ ಪರೀಕ್ಷೆಗೆ ತಯಾರು ಮಾಡುವ ಕ್ಲಾಸು, ತಿರುವಿನಿಂದಾಚೆ ತರಕಾರಿಯವರ ಸಾಲು. ಕೈಚೀಲ ಹಿಡಿದು ಆ ಗಲ್ಲಿಗೆ ಹೊಕ್ಕವಳು ಎಲ್ಲಿಗೆ ಹೋದಳೆಂದು ಯಾರೂ ಆಣೆ ಮಾಡಿ ಹೇಳಲಾರರು. ಮೂರು ವಾರಕ್ಕೊಮ್ಮೆ ನಾನು ಹಾಗೆಯೇ ಹೊಕ್ಕು, ಇಂಜೆಕ್ಷನ್ ತೆಗೆದುಕೊಂಡು, ಹೊರಗೆ ಬಂದು ಕೋತಂಬರಿ ಕೊಂಡು ಮನೆಗೆ ಬರುತ್ತಿದ್ದೆ. ಕೆಳಗಿನ ಮೆಟ್ಟಿಲ ಮೇಲೆ ಕೂತಿರುವ ನೆಲ ಅಂತಸ್ತಿನ ಮರಾಠಿ ಹಿರಿಯಾಕೆ, ಕಟ್ಟಡಕ್ಕೆಲ್ಲ ಕಾಕು, "ಕುಠೇ?", ಎಲ್ಲಿಗೆ, ಎಂದು ಕೇಳಿದರೆ "ಮಂಡಈಗೆ" ಎನ್ನುತ್ತಿದ್ದೆ. ಅಂದರೆ ತರಕಾರಿ ಪೇಟೆಗೆ. ಸುಳ್ಳೇನಲ್ಲ, ಅರ್ಧ ನಿಜ.

ನಾನು ಹುಟ್ಟಾ ಚಿಂತೆಗಾರ್ತಿ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುವವಳು. ಬಾಲ್ಕನಿಯ ತುಳಸಿ ಕುಂಡ ಗಾಳಿಗೆ ಬಿದ್ದು, ಕೆಳಗೆ ಹೋಗುವ ಯಾರದೋ ತಲೆ ಒಡೆದು, ನಾನು ಕೋರ್ಟಿನಲ್ಲಿ ನಿಂತು ನನ್ನ ಹರಕು ಮರಾಠಿಯಲ್ಲಿ ಹೇಳಿಕೆ ಕೊಡುವವರೆಗಿನ ಚಿತ್ರ ನನ್ನ ಕಣ್ಣ ಮುಂದೆ ಎಷ್ಟೋ ಸಲ ಓಡಿದೆ. ಆ ಕುಂಡಕ್ಕೆ ತಂತಿ ಬಿಗಿದಿದ್ದೆ. ತಂತಿ ತುಕ್ಕು ಹಿಡಿದೀತೆಂದು ಹಗ್ಗವನ್ನೂ ಕಟ್ಟಿದ್ದೆ. ಇಷ್ಟೆಲ್ಲ ಕಾವಲು ಹಾಕಿಕೊಂಡವಳ ಎದೆಯಲ್ಲೇ ಗಂಟೊಂದು ಬಂದು ಹಾಯಾಗಿ ಕೂತಿತ್ತು. ಡಾಕ್ಟರು ಹೇಳಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಇಷ್ಟು ವರ್ಷ ಹಗಲೂ ರಾತ್ರಿ ದುಡಿದಂತೆ ಚಿಂತೆ ಮಾಡಿದ್ದೇನೆ, ಇದೊಂದನ್ನು ಮಾತ್ರ ಚಿಂತಿಸಿರಲಿಲ್ಲವಲ್ಲ! ಮನೆಗೆ ಬರುವ ರಿಕ್ಷಾದಲ್ಲಿ ಗಂಡನಿಗೆ ಅದನ್ನೇ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು, "ಹೋಗ್ಲಿ ಬಿಡು, ಇನ್ನ ಮ್ಯಾಲೆ ಮಾಡ್ತೀಯಂತ" ಎಂದರು. ನಾವಿಬ್ಬರೂ ನಕ್ಕೆವು, ಆಮೇಲೆ ಅತ್ತೆವು. ರಿಕ್ಷಾದವನು ಕನ್ನಡಿಯಲ್ಲಿ ನೋಡುತ್ತಿದ್ದ.

ಮುಚ್ಚಿಡು ಎಂದು ನನಗೆ ಯಾರೂ ಹೇಳಿಕೊಡಲಿಲ್ಲ. ನಮ್ಮ ಕಡೆ ಆ ರೋಗದ ಹೆಸರು ಎತ್ತುವುದಿಲ್ಲ. "ಆ ಬ್ಯಾನಿ" ಎನ್ನುತ್ತಾರೆ, ಅದೂ ದನಿ ತಗ್ಗಿಸಿ. ಜೋರಾಗಿ ಅಂದರೆ ತನ್ನನ್ನೇ ಕರೆದರೆಂದು ಎದ್ದು ಬಂದೀತು ಎನ್ನುವ ಹಾಗೆ. ಪೇಠದ ಕನ್ನಡ ಹೆಂಗಸರದೊಂದು ಭಜನಾ ಮಂಡಳಿ ಇದೆ, ಶನಿವಾರ ಶನಿವಾರ ಸೇರುತ್ತೇವೆ. ಕೆಲವು ವರ್ಷಗಳ ಹಿಂದೆ ಅಲ್ಲಿಯ ಒಬ್ಬರಿಗೆ ಆ ಬ್ಯಾನಿ ಬಂದಿತ್ತು. ಗುಣವಾಗಿ ತಿರುಗಿ ಬಂದರು. ಗುಣವಾಗಿ ಬಂದವರನ್ನು ನಾವು ಹಾಡಲು ಬಿಡಲಿಲ್ಲ. "ತ್ರಾಸ ಆಗ್ತದ್ರಿ, ನೀವು ಕುಂತು ಕೇಳ್ರಿ ಸಾಕು" ಎಂದು ಗೋಡೆಗೆ ಹಚ್ಚಿ ಒಂದು ಕುರ್ಚಿ ಹಾಕಿಕೊಟ್ಟೆವು. ಅವರ ಕಂಠ ನಮ್ಮೆಲ್ಲರಿಗಿಂತ ಚೆನ್ನಾಗಿತ್ತು, ಕಂಠಕ್ಕೆ ಏನೂ ಆಗಿರಲಿಲ್ಲ. ಅವರು ತಂದ ಪ್ರಸಾದವನ್ನು ಎಲ್ಲರೂ ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡರು, ಆದರೆ ಬಹಳ ಜನ ಅದನ್ನು ಕಾಗದದಲ್ಲಿ ಕಟ್ಟಿಕೊಂಡರು, ಬಾಯಿಗೆ ಹಾಕಲಿಲ್ಲ. ಅಂಟು ರೋಗವಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ.

ನಾನು ಶೇಂಗಾ ಹೋಳಿಗೆ, ಖಡಕ್ ರೊಟ್ಟಿ ಮಾಡಿ ಮಾರುವವಳು. ನನ್ನ ಗಿರಾಕಿಗಳು ಆ ಮಂಡಳಿಯವರು, ಅವರ ನೆಂಟರು, ನೆಂಟರ ನೆಂಟರು. ನನಗೆ ಆ ಕುರ್ಚಿ ಬೇಕಿರಲಿಲ್ಲ.

ಕೂದಲು ಉದುರುವ ಹೊತ್ತಿಗೆ ನಾನು ತಿರುಪತಿಗೆ ಹೋಗಿಬಂದೆ. ಅಂದರೆ ಹೋಗಲಿಲ್ಲ, ಹೋಗಿ ಮುಡಿ ಕೊಟ್ಟು ಬಂದೆ ಎಂದು ಎಲ್ಲರಿಗೂ ಹೇಳಿದೆ. ಹರಕೆ ಎಂದರೆ ನಮ್ಮವರು ಯಾವ ಹರಕೆ, ಯಾಕೆ ಎಂದು ಕೇಳುವುದಿಲ್ಲ. ಅಷ್ಟು ಬುದ್ಧಿ ಓಡಿಸಿದವಳು ಒಂದನ್ನು ಮರೆತಿದ್ದೆ. ಶನಿವಾರ ಮಂಡಳಿಯಲ್ಲಿ ಕೂತ ಕೂಡಲೇ, ಹಾರ್ಮೋನಿಯಂ ಬಾರಿಸುವ ವೈನಿ, ಎಲ್ಲರಿಗಿಂತ ಹಿರಿಯರಾದ್ದರಿಂದ ನಮ್ಮೆಲ್ಲರ ಅತ್ತಿಗೆ, ಕೈ ಚಾಚಿ ಕೇಳಿದರು: "ಎಲ್ರೀ ಪ್ರಸಾದ? ಲಾಡು ಎಲ್ಲಿ?"

"ಮನ್ಯಾಗ ಬಿಟ್ಟು ಬಂದೀನ್ರಿ" ಎಂದೆ. ನನ್ನ ಗಂಡ ಆಫೀಸಿನಿಂದ ನೇರ ಪುಣೆ ಕ್ಯಾಂಪಿಗೆ ಹೋಗಿ, ಅಂಗಡಿ ಅಂಗಡಿ ಸುತ್ತಿ, ಗಾತ್ರದಲ್ಲಿ ಒಪ್ಪುವ ಲಾಡು ಹುಡುಕಿ ತಂದರು. ಪೆಟ್ಟಿಗೆಯ ಮೇಲೆ ಅಂಗಡಿಯ ಹೆಸರಿತ್ತು. ಡಬ್ಬಿಗೆ ಬದಲಾಯಿಸಿ, ಮೇಲೊಂದು ತುಳಸಿ ಎಲೆ ಇಟ್ಟು ಮುಂದಿನ ಶನಿವಾರ ಒಯ್ದೆ. ವೈನಿ ತಿಂದು, ಕಣ್ಣು ಮುಚ್ಚಿ, "ಏನ ಅನ್ರಿ, ಆ ಊರಿನ ತುಪ್ಪದ ವಾಸನಿನ ಬ್ಯಾರೆ" ಎಂದರು. ವೆಂಕಟರಮಣ ನನ್ನ ಮೇಲೆ ಸಿಟ್ಟಾದನೇನೋ ಎಂದು ನಾನು ಬಹಳ ದಿನ ಚಿಂತೆ ಮಾಡಿದೆ.

ಆ ಚಿಂತೆ ಕಳೆದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ವೈನಿಯೂ ತಿರುಪತಿಗೆ ಹೋಗಿಬಂದರು ಎಂಬ ಸುದ್ದಿ ಬಂತು. ಅವರೂ ಲಾಡು ಹಂಚಿದರು. ನಾನು ಬಾಯಿಗೆ ಹಾಕಿಕೊಂಡೆ. ಅದೇ ಕ್ಯಾಂಪಿನ ಲಾಡು, ಸ್ವಲ್ಪ ಗಟ್ಟಿ ಅಷ್ಟೇ. ಏಳು ಪೆಟ್ಟಿಗೆಯಲ್ಲಿದ್ದರೂ ನಾನು ಗುರುತಿಸುತ್ತಿದ್ದೆ. ಮುಂದಿನ ಇಂಜೆಕ್ಷನ್ನಿಗೆ ಹೋದಾಗ ಅವರು ಆಸ್ಪತ್ರೆಯ ಬೆಂಚಿನ ಮೇಲೆ, ತಲೆ ತುಂಬ ಸೆರಗು ಹೊದ್ದು, ಮಡಿಲಲ್ಲಿ ಮೆಂತ್ಯ ಸೊಪ್ಪು ಇಣುಕುವ ಕೈಚೀಲ ಇಟ್ಟುಕೊಂಡು ಕೂತಿದ್ದರು. ಇಬ್ಬರ ಕಣ್ಣೂ ಕೂಡಿದವು. ಇಬ್ಬರೂ ಗೋಡೆಯ ಮೇಲಿನ ಗಡಿಯಾರವನ್ನು ನೋಡತೊಡಗಿದೆವು.

ಅರ್ಧ ಗಂಟೆಯ ಮೇಲೆ, ತರಕಾರಿ ಸಾಲಿನಲ್ಲಿ, ಬೆನ್ನ ಹಿಂದಿನಿಂದ ಕೂಗು ಕೇಳಿತು: "ಅಯ್ಯ, ನೀವಿಲ್ಲಿ!"

"ಅಯ್ಯ ವೈನಿ, ನೀವೂ ಪ್ಯಾಟಿಗೆ ಬಂದೀರೇನು!" ಎಂದೆ ನಾನೂ ಅಷ್ಟೇ ಜೋರಾಗಿ. ಕೋತಂಬರಿಯವಳು ಬೆಚ್ಚಿ ನೋಡಿದಳು. ಅಲ್ಲಿಂದ ಅದೇ ನಮ್ಮ ಪದ್ಧತಿಯಾಯಿತು. ಆಸ್ಪತ್ರೆಯೊಳಗೆ ಕಂಡದ್ದು ಕಂಡದ್ದಲ್ಲ. ಹೊರಗೆ ಬಂದು ಬದನೆಕಾಯಿಯ ರಾಶಿಯ ಮುಂದೆ ಹೊಸದಾಗಿ ಭೇಟಿಯಾಗಬೇಕು, ಬೆರಗಾಗಬೇಕು. ಈ ಪದ್ಧತಿ ಪಾಲಿಸುವವರು ನಾವಿಬ್ಬರೇ ಅಲ್ಲವೆಂದು ಮೆಲ್ಲಗೆ ತಿಳಿಯಿತು. ಆ ಬೆಂಚುಗಳ ಮೇಲೆ ಕೂತ ಹೆಂಗಸರಲ್ಲಿ ಬಹಳ ಜನರ ಚೀಲದಿಂದ ಸೊಪ್ಪು ಇಣುಕುತ್ತಿತ್ತು.

ಹೀಗಿರುವಾಗ ಆಸ್ಪತ್ರೆಯ ಗೇಟಿಗೆ ಒಂದು ನೋಟೀಸು ಬಿತ್ತು. ಆಸ್ಪತ್ರೆಯನ್ನು ಊರ ಹೊರಗಿನ ವಾಕಡದಿಂದಲೂ ಆಚೆ, ಹೆದ್ದಾರಿಯ ಪಕ್ಕದ ಹೊಸ ಕಟ್ಟಡಕ್ಕೆ ಸಾಗಿಸುವ ವಿಚಾರವಿದೆ. ಸಾರ್ವಜನಿಕರು ಬಂದು ಅಭಿಪ್ರಾಯ ಹೇಳಬೇಕು. ಜನಸುನಾವಣಿ, ಅಂದರೆ ಸಾರ್ವಜನಿಕ ಸಭೆ, ಎಂದು ದಪ್ಪ ಅಕ್ಷರದಲ್ಲಿತ್ತು. ನಾನು ಅದನ್ನು ನೋಡದವಳಂತೆ, ನಿಂತು, ಪೂರ್ತಿ ಓದಿದೆ.

ಮುಂದಿನ ಭಾನುವಾರ ಗಂಡನನ್ನು ಎಬ್ಬಿಸಿಕೊಂಡು ಆ ಜಾಗ ನೋಡಲು ಹೋದೆ. ಎರಡು ಬಸ್ಸು ಬದಲಿಸಿ, ಮೇಲೊಂದು ರಿಕ್ಷಾ. ದೊಡ್ಡ ಕಟ್ಟಡ, ನೀಲಿ ಗಾಜು, ಮುಂದೆ ಕಾರು ನಿಲ್ಲಿಸಲು ಒಂದು ಊರಿಗೆ ಸಾಲುವಷ್ಟು ಜಾಗ. ಸುತ್ತ ಏನೂ ಇಲ್ಲ. ಒಂದು ಚಹಾದ ಗಾಡಿಯೂ ಇಲ್ಲ. ಬಸ್ಸು ಇನ್ನೂ ಬಾರದ ಹೊಸ ಸ್ಟಾಪಿನ ಮೇಲೆ ಆಗಲೇ ಆಸ್ಪತ್ರೆಯ ಹೆಸರು ಬರೆದಿದ್ದರು.

"ಗಾಳಿ ಛಲೋ ಅದ ನೋಡು," ಎಂದರು ಗಂಡ.

"ಇಲ್ಲೆ ಬಸ್ಸಿಂದ ಇಳದಾಕಿ ಎಲ್ಲಿಗೆ ಹೊಂಟೀನಿ ಅನ್ನಬೇಕ್ರೀ? ಗಾಳಿ ತಿನ್ನಾಕಂತ ಅನ್ಲೇನು?"

"ನಾ ಕಾರು ಮಾಡ್ಕೊಂಡು ಕರ್ಕೊಂಡು ಬರ್ತೀನಿ."

ಅವರು ಪ್ರೀತಿಯಿಂದಲೇ ಹೇಳಿದ್ದರು. ಆದರೆ ಪೇಠದಲ್ಲಿ ನಾನು ನನ್ನ ಕಾಲ ಮೇಲೆ ಹೋಗಿ, ನನ್ನ ಚೀಲ ಹಿಡಿದು, ದರದಲ್ಲಿ ಚೌಕಾಶಿ ಮಾಡಿ ಬರುವ ಹೆಂಗಸು; ನಡುವೆ ಒಂದು ಇಂಜೆಕ್ಷನ್. ಇಲ್ಲಿ ನಾನು ಪೇಶಂಟು. ಯಾರೋ ಕರೆದುಕೊಂಡು ಬರಬೇಕು, ಕರೆದುಕೊಂಡು ಹೋಗಬೇಕು. ಮಂಡಳಿಯ ಆ ಕುರ್ಚಿಯನ್ನೇ ದೊಡ್ಡದಾಗಿ ಕಟ್ಟಿ ನೀಲಿ ಗಾಜು ಹಾಕಿದ ಹಾಗೆ ಕಂಡಿತು ನನಗೆ.

ಸಭೆ ನಡೆದದ್ದು ನಮ್ಮ ಪೇಠದ್ದೇ ಒಂದು ಮಂಗಲ ಕಾರ್ಯಾಲಯದಲ್ಲಿ. ಹಿಂದಿನ ದಿನ ಮದುವೆಯಾಗಿತ್ತು. ವೇದಿಕೆಯ ಹಿಂದೆ ಗೊಂಡೆ ಹೂವಿನ ಕಮಾನು ಹಾಗೆಯೇ ಉಳಿದಿತ್ತು, ಅದರ ಅಡಿಯಲ್ಲಿ ಅಧಿಕಾರಿಗಳು, ಆಸ್ಪತ್ರೆಯ ಟ್ರಸ್ಟಿನವರು ಸಾಲಾಗಿ ಕೂತಿದ್ದರು. ಯಾರಾದರೂ ಅಕ್ಷತೆ ಹಾಕಿದ್ದರೆ ತಪ್ಪು ಅನ್ನಿಸುತ್ತಿರಲಿಲ್ಲ. ನಮ್ಮ ಮಂಡಳಿಯ ಹೆಂಗಸರು ಒಂದು ಸಾಲು ಹಿಡಿದಿದ್ದರು. ಅವರು ಬಂದದ್ದು ಗಲ್ಲಿಯ ರಿಕ್ಷಾ ಗದ್ದಲದ ಬಗ್ಗೆ ದೂರು ಹೇಳಲು. ವೈನಿ ಅವರ ನಡುವೆ ಕೂತಿದ್ದರು. ನನ್ನ ಗಂಡ ಬಾಗಿಲ ಹತ್ತಿರ ಕೂತಿದ್ದರು. ನೆಲ ಅಂತಸ್ತಿನ ಕಾಕು ಮುಂದಿನ ಸಾಲಿನಲ್ಲಿ, ಮನೆಯಿಂದಲೇ ಬೀಸಣಿಗೆ ತಂದಿದ್ದರು.

ಟ್ರಸ್ಟಿನ ಹಿರಿಯರು ಪರದೆಯ ಮೇಲೆ ಚಿತ್ರ ತೋರಿಸುತ್ತ ಮಾತಾಡಿದರು. ಹಳೆಯ ಕಟ್ಟಡದ ಲಿಫ್ಟಿನಲ್ಲಿ ಸ್ಟ್ರೆಚರ್ ಓರೆಯಾಗಿ ಹೋಗುತ್ತದೆ. ಹೊಸ ಯಂತ್ರಕ್ಕೆ ದಪ್ಪ ಗೋಡೆ ಬೇಕು, ಆ ಗೋಡೆ ಇಲ್ಲಿ ಏಳುವುದಿಲ್ಲ. ಬೆಂಕಿ ಬಿದ್ದರೆ ಅದನ್ನು ಆರಿಸುವ ಬಂಬು ಗಾಡಿ ಗಲ್ಲಿಯೊಳಗೆ ತಿರುಗುವುದಿಲ್ಲ. ಅದರಲ್ಲಿ ಒಂದೂ ಸುಳ್ಳಲ್ಲ. ನನಗೆ ತೊಂದರೆಯಾದದ್ದೂ ಅದೇ. ಸುಳ್ಳು ಹೇಳುವವರ ಮೇಲೆ ಏರಿಹೋಗಬಹುದು. ನಿಜ ಹೇಳುವವರ ಮುಂದೆ ಏನು ಮಾಡುವುದು? ಅದೂ ಬೆಂಕಿಯ ಮಾತು ಬಂದ ಮೇಲೆ. ಆ ಕಟ್ಟಡಕ್ಕೆ ಬೆಂಕಿ ಬೀಳಬಹುದೆಂದು ನಾನು ಪ್ರತಿ ಇಂಜೆಕ್ಷನ್ನಿನ ಹೊತ್ತಿಗೂ ಚಿಂತಿಸಿದ್ದೆ.

ಮಾತಾಡುವವರು ಮೈಕಿನ ಮುಂದೆ ನಿಂತು, ತಾವು ಇಲ್ಲೇ ವಾಸಿಸುವ ರಹಿವಾಸಿಯೋ, ಪೇಶಂಟೋ, ಪೇಶಂಟಿನ ಮನೆಯವರೋ ಎಂದು ಮೊದಲು ಹೇಳಬೇಕೆಂದು ಅಧಿಕಾರಿ ಹೇಳಿದರು. ಅದಕ್ಕೆ ನಾನು ಮನೆಯಲ್ಲೇ ತಯಾರಾಗಿದ್ದೆ. ಎದ್ದುಹೋಗಿ, ರಹಿವಾಸಿ ಎಂದೆ. ಮರಾಠಿಯಲ್ಲಿ, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ: ಆಸ್ಪತ್ರೆ ನಮ್ಮ ಪೇಠದ ಹಳೆಯ ಗುರುತು, ಅದು ಇಲ್ಲೇ ಇರಬೇಕು, ನಮಗೆ ಅಭಿಮಾನ.

ಅಧಿಕಾರಿ ಸಭ್ಯರು. ನಕ್ಕರು. "ಬಾಯಿ," ಎಂದರು, ಮರಾಠಿಯಲ್ಲಿ ಅಮ್ಮಾ ಎನ್ನುವ ಹಾಗೆ, "ಅಭಿಮಾನ ಸರಿ. ಆದರೆ ರಹಿವಾಸಿಗಳಿಗೆ ಇದರಿಂದ ಲಾಭವೇ ಅಲ್ಲವೇ? ಗಲ್ಲಿ ಖಾಲಿಯಾಗುತ್ತದೆ, ನಿಮ್ಮ ಸ್ಕೂಟರಿಗೆ ಜಾಗ ಸಿಗುತ್ತದೆ. ನಿಮಗೇನು ತೊಂದರೆ, ಅದನ್ನು ಹೇಳಿ."

ಜನ ನಕ್ಕರು. ಕಾಕು ಬೀಸಣಿಗೆ ಬೀಸುತ್ತ, "ಇವಳ ಹತ್ತಿರ ಸ್ಕೂಟರೇ ಇಲ್ಲ!" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಮತ್ತೆ ನಕ್ಕರು.

ನನಗೇನು ತೊಂದರೆ? ಮೈಕಿನ ಮುಂದೆ ನಿಂತು ನಾನು ಹುಡುಕಿದೆ. ಇದ್ದ ತೊಂದರೆ ಒಂದೇ, ಅದನ್ನು ರಹಿವಾಸಿಯ ಬಾಯಿಂದ ಹೇಳಲು ಬರುವುದಿಲ್ಲ. ಅಡಗಿಕೊಳ್ಳುವ ಜಾಗ ಬಿಡೆನು ಎನ್ನಬೇಕಾದರೆ ಅಡಗಿದವಳು ಹೊರಗೆ ಬರಬೇಕು. ನಾನು ತಿರುಗಿ ಹೋಗಿ ಕೂತುಬಿಡಬಹುದಿತ್ತು. ಕಾಲು ಆಗಲೇ ಅರ್ಧ ತಿರುಗಿತ್ತು ಕೂಡ. ಆದರೆ ಪರದೆಯ ಮೇಲೆ ಆ ನೀಲಿ ಗಾಜು ಇನ್ನೂ ಹೊಳೆಯುತ್ತಿತ್ತು, ಅದರ ಮುಂದೆ ಚಿತ್ರದ ಜನ ಕೈಯಲ್ಲಿ ಏನೂ ಇಲ್ಲದೆ, ಚೀಲವಿಲ್ಲದೆ, ಸಾಲಾಗಿ ಒಳಗೆ ಹೋಗುತ್ತಿದ್ದರು.

"ನಾನು ಪೇಶಂಟು," ಎಂದೆ.

ಬೀಸಣಿಗೆ ನಿಂತಿತು. ಅದನ್ನು ಮಾತ್ರ ನೋಡಿದೆ, ಮಂಡಳಿಯ ಸಾಲಿನ ಕಡೆ ನೋಡಲಿಲ್ಲ. ಅದರಲ್ಲೂ ವೈನಿಯ ಕಡೆ ನೋಡಬಾರದೆಂದು ಹಟ ಹಿಡಿದು ಗೊಂಡೆ ಹೂವಿನ ಕಮಾನನ್ನೇ ನೋಡಿದೆ.

ಆಮೇಲೆ ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಮರಾಠಿಯಲ್ಲೇ ಶುರು ಮಾಡಿದ್ದೆ. ಸಿಟ್ಟು ಬಂದರೆ ನನಗೆ ಮರಾಠಿ ಸಾಲುವುದಿಲ್ಲ. ಯಾವಾಗ ಕನ್ನಡಕ್ಕೆ ಹೊರಳಿದೆನೋ ನನಗೇ ತಿಳಿಯಲಿಲ್ಲ.

"ನೀವು ಯಂತ್ರ ತೋರ್ಸಿದ್ರಿ, ಗಾಡಿ ನಿಲ್ಸೋ ಜಾಗ ತೋರ್ಸಿದ್ರಿ. ಒಂದು ಕೇಳ್ತೀನಿ. ಆ ಬಾಗಲದಿಂದ ಹೊರಗ ಬಂದ ಹೆಣ್ಮಗಳು ಎಲ್ಲಿಗೆ ಹೋಗಬೇಕ್ರೀ? ಇಲ್ಲೆ ನಾ ಸೂಜಿ ಚುಚ್ಚಿಸ್ಕೊಂಡು ಹೊರಗ ಬಂದ್ರ, ಬಾಗಲದಾಗ ಬದನಿಕಾಯಿ ಕುಂತಿರ್ತಾವ. ಒಂದು ಬದನಿಕಾಯಿಗೆ ಜಗಳಾ ಮಾಡಿದ್ರ ನನಗ ಜೀವಾ ಬರ್ತದ. ಇದು ನಿಮ್ಮ ಪರದೆ ಮ್ಯಾಲೆ ಇಲ್ಲ. ಒಂದು ವರ್ಷ ಆತು, ನಾ ಈ ಬ್ಯಾನಿ ಚೀಲದಾಗ ಇಟ್ಕೊಂಡು ಓಡಾಡೀನಿ. ಮ್ಯಾಲೆ ಕೋತಂಬ್ರಿ ಹಾಕೀನಿ. ನನ್ನಂಗ ಭಾಳ ಮಂದಿ ಇದ್ದಾರ, ಅವರ ಹೆಸರು ನಾ ಹೇಳಂಗಿಲ್ಲ. ಯಾಕ ಮುಚ್ಚೀರಿ ಅಂತ ಕೇಳಬ್ಯಾಡ್ರಿ. ಅದು ನಮ್ಮ ಮರ್ಜಿ. ಆದ್ರ ಮುಚ್ಚಿಕೊಳ್ಳಾಕ ಒಂದು ಪ್ಯಾಟಿನೂ ಇಲ್ಲದ ಬಯಲಿಗೆ ನಮ್ಮನ್ನ ಒಯ್ದು ನಿಲ್ಲಿಸಬ್ಯಾಡ್ರಿ. ಇಲ್ಲೆ ನಾವು ಮಂದ್ಯಾಗ ಮಂದಿ. ಅಲ್ಲೆ ನಾವು ಬರೇ ಬ್ಯಾನಿ."

ಸಭೆ ಮೌನವಾಗಿತ್ತು. ನನ್ನ ಮಾತಿಗೆ ಮರುಳಾದರೆಂದು ಒಂದು ಕ್ಷಣ ಹೆಮ್ಮೆಪಟ್ಟೆ. ಅಧಿಕಾರಿ ಪಕ್ಕದವರನ್ನು ಕೇಳಿದರು, "ಬಾಯಿ ಯಾವ ಭಾಷೆಯಲ್ಲಿ ಮಾತಾಡಿದರು?"

ಹಿಂದಿನಿಂದ ಒಬ್ಬ ಗಂಡಸು ಎದ್ದು ನಿಂತ. ನಡುವಯಸ್ಸು, ತಲೆಗೆ ಟವೆಲು, ಅಂಗಿಯ ಮೇಲೆ ಸಿಮೆಂಟಿನ ಕಲೆ. "ನಾ ಹೇಳ್ತೀನ್ರಿ ಅಕ್ಕೋರ," ಎಂದು ಮುಂದೆ ಬಂದ. ಯಾದಗಿರಿ ಕಡೆಯವನು, ಅವನ ಹೆಂಡತಿಗೂ ಇದೇ ಆಸ್ಪತ್ರೆಯ ಔಷಧ ನಡೆದಿತ್ತು. ನನ್ನ ಮಾತನ್ನು ಹಿಂದಿ ಬೆರೆಸಿದ ಮರಾಠಿಯಲ್ಲಿ, ಬದನೆಕಾಯಿಯನ್ನೂ ಬಿಡದೆ, ಪೂರ್ತಿ ಹೇಳಿದ. ಜನ ಚಪ್ಪಾಳೆ ತಟ್ಟಿದರು. ಅವನು ಕೈ ಎತ್ತಿ ತಡೆದು, ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಹೇಳಿದ.

"ಇದು ಅಕ್ಕೋರ ಮಾತು. ಇನ್ನ ನಂದು. ನಾ ಇರೋದು ವಾಕಡದಾಗ, ಕೆಲಸದ ಜಾಗದ ತಗಡಿನ ಶೆಡ್ಡಿನ್ಯಾಗ. ಹೆಣತಿನ ಇಲ್ಲೀತನಕ ಕರ್ಕೊಂಡು ಬರಬೇಕಂದ್ರ ನನ್ನ ದಿನಾನ ಹೋಗ್ತದ. ಆಕಿ ಬಸ್ಸಿನ್ಯಾಗ ವಾಂತಿ ಮಾಡ್ಕೋತಾಳ. ದವಾಖಾನಿ ಅಲ್ಲಿಗೆ ಬಂದ್ರ ನಾ ಕಾಯಿ ಒಡಸ್ತೀನಿ."

ಮತ್ತೆ ನನ್ನ ಕಡೆ ತಿರುಗಿ, "ಸಿಟ್ಟಾಗಬ್ಯಾಡ್ರಿ ಅಕ್ಕೋರ" ಎಂದ.

ಸಿಟ್ಟಾಗಲು ನನಗೆ ಹೊತ್ತಿರಲಿಲ್ಲ. ಟ್ರಸ್ಟಿನವರ ಮುಖ ಅರಳಿತ್ತು. ಅಧಿಕಾರಿ ಪೆನ್ನು ಮುಚ್ಚುತ್ತಿದ್ದರು. ನೋಡಿ, ಬಡವನೇ ಕೇಳುತ್ತಿದ್ದಾನೆ, ಇನ್ನು ಈ ಪೇಠದ ಹೆಂಗಸಿನದೇನು ಎನ್ನುವ ಹಾಗೆ. ನಾನು ಮೈಕು ಬಿಡಲಿಲ್ಲ.

"ಅವರು ಹೇಳಿದ್ದು ನಿಜ," ಎಂದೆ. ಈ ಸಲ ಮರಾಠಿಯಲ್ಲೇ, ತಪ್ಪಿದರೆ ತಪ್ಪಲಿ ಎಂದು. "ಯಂತ್ರ ಅಲ್ಲಿಗೆ ಒಯ್ಯಿರಿ. ದಪ್ಪ ಗೋಡೆ ಅಲ್ಲಿ ಕಟ್ಟಿರಿ. ಇವರ ಹೆಂಡತಿ ಅಲ್ಲಿ ತೋರಿಸಿಕೊಳ್ಳಲಿ. ಆದರೆ ಇಂಜೆಕ್ಷನ್ನಿಗೆ ದಪ್ಪ ಗೋಡೆ ಬೇಕಾಗಿಲ್ಲ, ಸ್ಟ್ರೆಚರೂ ಬೇಕಾಗಿಲ್ಲ. ನಾವು ನಡೆದು ಬರುವವರು. ಅದನ್ನು ಇಲ್ಲಿ ಬಿಡಿರಿ. ಇವರ ಬಸ್ಸೋ ನನ್ನ ಪೇಟೆಯೋ ಎಂದು ನಮ್ಮಿಬ್ಬರನ್ನು ಎದುರುಬದುರು ನಿಲ್ಲಿಸಿ ನೀವು ಎದ್ದು ಹೋಗಬೇಡಿ. ಎರಡೂ ಬೇಕು."

"ಹೌದ್ರಿ, ಎರಡೂ ಬೇಕು," ಎಂದ ಅವನು. ಮೈಕಿನಲ್ಲಿ ಅಲ್ಲ, ನನಗೆ. ಆಮೇಲೆ ಅದನ್ನೂ ಮರಾಠಿಗೆ ತಿರುಗಿಸಿ ಗಟ್ಟಿಯಾಗಿ ಹೇಳಿದ.

ಮನೆಗೆ ಬಂದು ನಾನು ಹಾಸಿಗೆಯ ಮೇಲೆ ಅಂಗಾತ ಬಿದ್ದೆ. ನನ್ನ ಗಂಡ ಚಹಾ ಮಾಡಿ ತಂದು, "ಭಾಳ ಛಲೋ ಮಾತಾಡಿದಿ" ಎಂದರು, ಸ್ವಲ್ಪ ತಡೆದು, "ಇನ್ನ ಮ್ಯಾಲೆ ಕೋತಂಬ್ರಿ ಬಂದ್ ಅಲ್ಲ?" ಎಂದರು.

ಸಂಜೆಗೆ ಕಾಕು ಮೆಟ್ಟಿಲೇರಿ ಬಂದರು. ಮೊಣಕಾಲಿನ ದೆಸೆಯಿಂದ ಅವರು ಎಂದೂ ಮೇಲೆ ಬಂದವರಲ್ಲ. ಬಾಗಿಲಲ್ಲೇ ನಿಂತು ಅವರ ಮರಾಠಿಯಲ್ಲಿ ನನ್ನನ್ನು ಝಾಡಿಸಿದರು. ಅವರ ಮಾತನ್ನು ಕನ್ನಡಕ್ಕೆ ತಂದರೆ ಖಾರ ಕಡಿಮೆಯಾಗುತ್ತದೆ. "ನನಗೆ ಮೂಲವ್ಯಾಧಿ ಆದಾಗ ಮೊದಲು ಹೇಳಿದ್ದು ನಿನಗೆ. ನನ್ನ ಸೊಸೆಗೂ ಹೇಳಿರಲಿಲ್ಲ. ಆಪರೇಶನ್ ಎಲ್ಲಿ, ಹೇಗೆ, ಎಲ್ಲ ಹೇಳಿದೆ. ನೀನು ಒಂದು ವರ್ಷ ಪೂರ್ತಿ ನನ್ನ ಮುಂದಿನಿಂದ ಚೀಲ ಹಿಡಿದು ಹೋದೆ, ಬಂದೆ. ನಾನು ಮೆಟ್ಟಿಲ ಮೇಲೆ ಕೂತದ್ದು ಮತ್ತೆ ಯಾಕೆ?" ಎಂದು ಕೇಳಿ, ನಾನು ಕೊಟ್ಟ ಕುರ್ಚಿಯಲ್ಲಿ ಕೂಡದೆ, ಒಂದೊಂದೇ ಮೆಟ್ಟಿಲು ಇಳಿದು ಹೋದರು. ಆಮೇಲೆ ನಾನು ಹೊರಗೆ ಹೊರಟಾಗಲೆಲ್ಲ ಮುಖ ತಿರುಗಿಸಿ ಬೀದಿ ನಾಯಿಯನ್ನು ನೋಡುತ್ತಿದ್ದರು.

ಅಯ್ಯೋ ಅನ್ನುವ ಮುಖಗಳಿಗೆ ನಾನು ಸಿದ್ಧವಾಗಿದ್ದೆ, ಮೋಸ ಹೋದ ಮುಖಕ್ಕೆ ಸಿದ್ಧವಾಗಿರಲಿಲ್ಲ.

ಅಯ್ಯೋ ಅನ್ನುವವರೂ ಬಂದರು. ಹಬ್ಬದ ಹೋಳಿಗೆ ಆರ್ಡರುಗಳು ಒಂದೊಂದಾಗಿ ಫೋನಿನಲ್ಲಿ ಹಿಂದೆ ಹೋದವು. "ಈ ಸಲ ನಿಮಗ ತ್ರಾಸ ಬ್ಯಾಡ್ರಿ, ಆರಾಮ ತಗೋರಿ." "ತ್ರಾಸ ಇಲ್ರಿ," ಎಂದೆ. "ಹಂಗಲ್ರಿ, ನಮಗ ಮನಸು ಒಪ್ಪಂಗಿಲ್ಲ," ಎಂದರು. ಎರಡು ಫೋನಿಗೆ ಸಮಾಧಾನದಿಂದ ಉತ್ತರ ಕೊಟ್ಟೆ. ಮೂರನೆಯದಕ್ಕೆ, "ಹೋದ ವರ್ಷದ ಹೋಳಿಗಿನೂ ಇದೇ ಕೈಯಾಗ ಮಾಡಿದ್ದು, ಇದೇ ಬ್ಯಾನಿ ಇದ್ದಾಗ. ಎರಡೆರಡು ತಿಂದು ಕಟ್ಟಿಸ್ಕೊಂಡು ಹೋಗಿದ್ರಿ. ಅರಗಿತ್ತಲ್ರೀ?" ಎಂದುಬಿಟ್ಟೆ. ಆ ಗಿರಾಕಿ ತಿರುಗಿ ಬರಲಿಲ್ಲ. ನನಗೆ ಒಂದು ವಾರ ಹೊಟ್ಟೆ ತಂಪಾಗಿತ್ತು. ಶನಿವಾರ ಮಂಡಳಿಗೆ ಹೋದೆ. ಗೋಡೆಗೆ ಹಚ್ಚಿ ಕುರ್ಚಿ ಹಾಕಿದ್ದರು. ಹಿಂದೆ ನಾವು ಹಾಡಲು ಬಿಡದೆ ಕೂರಿಸಿದ್ದವರ ಪಕ್ಕದಲ್ಲೇ, ಜೋಡಿ ಕುರ್ಚಿ. ನಾನು ಅವರ ಕೈ ಹಿಡಿದು ಎಬ್ಬಿಸಿ, ಇಬ್ಬರೂ ಚಾಪೆಯ ಮೇಲೆ ನಡುವೆ ಹೋಗಿ ಕೂತೆವು. ನನ್ನ ಕಂಠ ಕೆಟ್ಟದು. ಆ ದಿನ ಬೇಕೆಂದೇ ಜೋರಾಗಿ ಹಾಡಿದೆ. ಅವರದು ಹಾಗೆಯೇ ಇತ್ತು, ಒಂದು ಎಳೆಯೂ ಮಾಸಿರಲಿಲ್ಲ. ವೈನಿ ಹಾರ್ಮೋನಿಯಂ ಮೇಲಿಂದ ಕಣ್ಣೆತ್ತಲಿಲ್ಲ, ಆದರೆ ಆ ಕಂಠಕ್ಕೆ ಹೊಂದುವ ಹಾಗೆ ಶ್ರುತಿ ಏರಿಸಿದರು.

ಮುಂದಿನ ಇಂಜೆಕ್ಷನ್ನಿಗೆ ಹೋದಾಗ ವೈನಿ ಅದೇ ಬೆಂಚಿನಲ್ಲಿದ್ದರು. ಪದ್ಧತಿಯಂತೆ ನಾನು ಗಡಿಯಾರದ ಕಡೆ ನೋಡಿದೆ. ಅವರ ಗುಟ್ಟು ಅವರದು. ನಾನು ಬಯಲಾದೆನೆಂದು ಅವರನ್ನೂ ಎಳೆಯಬಾರದು. ಆಗ ಇಡೀ ವಾರ್ಡು ಬೆಚ್ಚುವ ಹಾಗೆ ಕೇಳಿತು:

"ಅಯ್ಯ, ನೀವಿಲ್ಲಿ!"

ತಿರುಗಿ ನೋಡಿದೆ. ತಲೆಯ ಮೇಲಿನ ಸೆರಗು ಹೆಗಲಿಗೆ ಇಳಿದಿತ್ತು. ಹೊಸದಾಗಿ ಬರುತ್ತಿದ್ದ ಗಿಡ್ಡ ಬಿಳಿ ಕೂದಲು ನೆಟ್ಟಗೆ ನಿಂತಿತ್ತು.

"ಅಯ್ಯ ವೈನಿ," ಎಂದೆ.

"ಬರ್ರಿ, ಇಲ್ಲೆ ಕೂಡ್ರಿ," ಎಂದು ಚೀಲ ಸರಿಸಿದರು. "ಒಂದು ಕೇಳಬೇಕಾಗಿತ್ತು. ನೀವು ಲಾಡು ಕ್ಯಾಂಪಿನ್ಯಾಗ ಯಾವ ಅಂಗಡ್ಯಾಗ ತಂದಿದ್ರಿ? ನಾ ತಂದಿದ್ವು ಸ್ವಲ್ಪ ಗಟ್ಟಿ ಆಗಿದ್ವು."

ನಾವು ನಕ್ಕದ್ದಕ್ಕೆ ನರ್ಸು ಬಂದು ಗದರಿಸಿ ಹೋದಳು. ಎದುರಿನ ಬೆಂಚಿನಲ್ಲಿ ಸೊಪ್ಪಿನ ಚೀಲ ಹಿಡಿದು ಕೂತಿದ್ದ ಇಬ್ಬರು ಗಡಿಯಾರ ನೋಡುವುದನ್ನು ಬಿಟ್ಟು ನಮ್ಮನ್ನು ನೋಡಿದರು.

ಸಭೆಯ ಉತ್ತರವೂ ಗೇಟಿಗೆ ಬಿತ್ತು: ಎಲ್ಲ ಅಭಿಪ್ರಾಯಗಳನ್ನು ದಾಖಲಿಸಲಾಗಿದೆ, ಇಂಜೆಕ್ಷನ್ ವಿಭಾಗವನ್ನು ಹಳೆಯ ಕಟ್ಟಡದಲ್ಲಿ ಉಳಿಸುವ ಬಗ್ಗೆ ವಿಚಾರ ಮಾಡಲಾಗುವುದು. ವಿಚಾರ ಇನ್ನೂ ನಡೆದಿದೆಯಂತೆ. ಪ್ರತಿ ಸಲ ಹೋದಾಗ ನಾನೂ ವೈನಿಯೂ ಆಫೀಸಿನ ಕಿಟಕಿಗೆ ಹೋಗಿ "ವಿಚಾರ ಆಯ್ತಾ?" ಎಂದು ಕೇಳುತ್ತೇವೆ. ಮೊದಲು ಇಬ್ಬರಿದ್ದೆವು, ಈಗ ಕಿಟಕಿಯ ಮುಂದೆ ಸ್ವಲ್ಪ ನೂಕುನುಗ್ಗಲಾಗುತ್ತದೆ. ಒಳಗಿನ ಗುಮಾಸ್ತ ನಮ್ಮ ಚೀಲಗಳನ್ನು ಕಂಡ ಕೂಡಲೇ ಎದ್ದು ಚಹಾಕ್ಕೆ ಹೋಗುತ್ತಾನೆ. ನಾವು ಅವನು ಬರುವವರೆಗೂ ನಿಲ್ಲುತ್ತೇವೆ. ನಮಗೆ ಎಲ್ಲೂ ಹೋಗುವ ಅವಸರವಿಲ್ಲ.

ಒಂದು ಬೆಳಿಗ್ಗೆ ನಾನು ಇಂಜೆಕ್ಷನ್ನಿಗೆ ಹೊರಟಿದ್ದೆ. ಫೈಲನ್ನು ಕೈಯಲ್ಲೇ ಹಿಡಿದಿದ್ದೆ. ಇನ್ನು ಚೀಲ ಯಾಕೆ ಎಂದು ಮನೆಯಲ್ಲೇ ಬಿಟ್ಟಿದ್ದೆ. ಕಾಕು ಮೆಟ್ಟಿಲ ಮೇಲಿದ್ದರು. ನಾಯಿ ಇರಲಿಲ್ಲ, ಆದ್ದರಿಂದಲೋ ಏನೋ ನನ್ನ ಕಡೆಗೇ ನೋಡಿದರು.

"ಕುಠೇ?"

"ಆಸ್ಪತ್ರೆಗೆ," ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಚೀಲವಿಲ್ಲದ ಕೈಯನ್ನು ನೋಡಿದರು. "ಮಗ ಯೇತಾನಾ ಕೋಥಿಂಬೀರ ಆಣ," ಎಂದರು. ಹಾಗಾದರೆ ಬರುವಾಗ ಕೋತಂಬರಿ ತಾ. "ತಾಜಾ ನೋಡಿ ತಾ. ವರ್ಷವಿಡೀ ತಂದಿದ್ದೀಯ, ಇಷ್ಟು ಹೊತ್ತಿಗೆ ಆರಿಸಲು ಬಂದಿರಬೇಕು."

ಚೀಲಕ್ಕೆಂದು ಮತ್ತೆ ಮೇಲೆ ಹೋದೆ. ಹೇಗೂ ಹೋದವಳು ಗ್ಯಾಸನ್ನೂ ಒಮ್ಮೆ ನೋಡಿ ಬಂದೆ.